ಎಲೆಚುಕ್ಕಿ ಬಂದ ವರ್ಷ ನಾವು ಕಲಿತ ಪ್ರಾರ್ಥನೆ

ತೀರ್ಥಹಳ್ಳಿ ತಾಲೂಕಿನ ಒಳಭಾಗದ ಒಂದು ಹಳ್ಳಿಯಲ್ಲಿ ನಮ್ಮ ಎರಡೂವರೆ ಎಕರೆ ಅಡಿಕೆ ತೋಟವಿದೆ. ನನ್ನ ಮಾವನವರ ತಂದೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಈ ನೆಲವನ್ನು ಹದಮಾಡಿದವರು. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕನ್ನಡ, ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಯೂ ಕನ್ನಡದಲ್ಲೇ. 2022ರ ಮಳೆಗಾಲದಲ್ಲಿ ಮಲೆನಾಡಿನ ಎಷ್ಟೋ ತೋಟಗಳಿಗೆ ಬಂದಂತೆ ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂತು. ಕೊಳೆರೋಗವಾದರೆ ನಮಗೆ ತಲೆಮಾರುಗಳಿಂದ ಪರಿಚಯವಿತ್ತು. ಅದು ಕಾಯಿ ಉದುರಿಸಿ ಆ ವರ್ಷದ ಫಸಲನ್ನು ಕಸಿದುಕೊಂಡರೂ ಮರವನ್ನು ಸಾಮಾನ್ಯವಾಗಿ ಉಳಿಸಿ ಹೋಗುತ್ತಿತ್ತು. ಎಲೆಚುಕ್ಕಿ ಹಾಗಲ್ಲ. ಸೋಗೆಯ ಮೇಲಿನ ಸಣ್ಣ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಸೋಗೆಯನ್ನೇ ಒಣಗಿಸಿ, ಮರದ ಬಲವನ್ನು ಕುಗ್ಗಿಸುತ್ತ, ಮುಂದಿನ ವರ್ಷಗಳ ಫಸಲಿಗೂ ಸಂಚಕಾರ ತರುತ್ತವೆ.

ಆ ವರ್ಷ ನಮ್ಮ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ನಾಲ್ಕು ವರ್ಷದ ಪದವಿ, ಹಾಸ್ಟೆಲ್ ಬೇರೆ. ಸೊಸೈಟಿಯಲ್ಲಿ ಬೆಳೆಸಾಲವಿತ್ತು. ರಾತ್ರಿ ಮೂರು ಗಂಟೆಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಎಚ್ಚರವಾದರೆ, ಈ ಮಳೆ ಇನ್ನೆಷ್ಟು ಮರಗಳಿಗೆ ರೋಗವನ್ನು ಒಯ್ಯುತ್ತಿದೆಯೋ ಎಂಬಲ್ಲಿಂದ ಆರಂಭವಾದ ಯೋಚನೆ, ತೋಟವೇ ಇಲ್ಲವಾದ ಮೇಲೆ ಮುದಿವಯಸ್ಸಿನಲ್ಲಿ ನಾವಿಬ್ಬರೂ ಎಲ್ಲಿರುತ್ತೇವೆ ಎಂಬಲ್ಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಬೆಳಗಾಗಿರುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ಯಜಮಾನರು ನಿದ್ದೆಯಲ್ಲಿದ್ದಾರೆಂದು ನಾನು ಅಲುಗಾಡದೆ ಇರುತ್ತಿದ್ದೆ. ಅವರೂ ಎಚ್ಚರವಾಗಿದ್ದುಕೊಂಡು, ನನ್ನ ನಿದ್ದೆ ಕೆಡಬಾರದೆಂದು ಹಾಗೆಯೇ ಇರುತ್ತಿದ್ದರೆಂಬುದು ನನಗೆ ತಿಳಿದದ್ದು ತಿಂಗಳುಗಳ ನಂತರ.

ಭಯಕ್ಕಿಂತಲೂ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಬೇರೊಂದು. ಆಕಾಶದ ಹಕ್ಕಿಗಳನ್ನೂ ಹೊಲದ ಹೂವುಗಳನ್ನೂ ತೋರಿಸಿ ಚಿಂತಿಸಬೇಡಿರಿ ಎಂದು ಯೇಸುಸ್ವಾಮಿ ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಾನು, ಹೀಗೆ ಚಿಂತಿಸುತ್ತಿರುವುದು ನನ್ನ ವಿಶ್ವಾಸದ ಕೊರತೆ, ಬಹುಶಃ ಪಾಪವೇ, ಎಂದು ತಿಳಿದಿದ್ದೆ. ಗುರುಗಳೆದುರು ಪಾಪಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಅದನ್ನು ಹೇಳಿಯೂ ಹೇಳಿದೆ. ನಮ್ಮ ಧರ್ಮಕೇಂದ್ರದ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಗೆ ಹೋಗಿ ಬೈಬಲ್ಲಿನಲ್ಲಿ ಲೂಕನ ಶುಭಸಂದೇಶದ 22ನೇ ಅಧ್ಯಾಯವನ್ನೂ 13ನೇ ಕೀರ್ತನೆಯನ್ನೂ ನಿಧಾನವಾಗಿ ಓದಿರಿ ಎಂದಷ್ಟೇ ಹೇಳಿದರು.

ಗೆತ್ಸೆಮನೆ ತೋಟದ ಆ ರಾತ್ರಿ, ಮರುದಿನ ಬರಲಿರುವುದನ್ನು ಕಂಡು ಪ್ರಭುವಿನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತೆಂದು ಲೂಕನು ಬರೆದಿದ್ದಾನೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಪಸರದಲ್ಲಿ, ಅಂದರೆ ಮಣಿಗಳನ್ನೆಣಿಸುತ್ತ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ‘ರಹಸ್ಯ’ಗಳೆಂದು ಧ್ಯಾನಿಸುವ ಪ್ರಾರ್ಥನೆಯಲ್ಲಿ, ದುಃಖದ ಮೊದಲ ರಹಸ್ಯವಾಗಿ ಇದನ್ನೇ ಧ್ಯಾನಿಸುತ್ತಿದ್ದರೂ, ಅದು ನಾಳೆಯನ್ನು ಕುರಿತ ಸಂಕಟವೆಂಬುದು ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. 13ನೇ ಕೀರ್ತನೆಯಂತೂ ದೇವರನ್ನು ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಬಾರಿ ಕೇಳಿಯೇ ಆರಂಭವಾಗುತ್ತದೆ. ಹಾಗೆ ಕೇಳುವುದೂ ಪ್ರಾರ್ಥನೆಯೇ ಎಂದು ತಿಳಿದ ದಿನ ನನ್ನ ಎದೆಯ ಮೇಲಿದ್ದ ಭಾರದಲ್ಲಿ ಅರ್ಧ ಇಳಿಯಿತು. ಇನ್ನರ್ಧ ಉಳಿದೇ ಇತ್ತು, ಏಕೆಂದರೆ ಸಾಲವೂ ರೋಗವೂ ಇದ್ದಲ್ಲೇ ಇದ್ದವು.

ಮುಂದಿನ ದಾರಿ ತೋರಿಸಿದ್ದು ವಿಮೋಚನಕಾಂಡದ 16ನೇ ಅಧ್ಯಾಯದ ಮನ್ನದ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರದ, ಪ್ರಸಂಗ. ಅರಣ್ಯದಲ್ಲಿ ಇಸ್ರಾಯೇಲರು ಆಯಾ ದಿನದ ಆಹಾರವನ್ನು ಆಯಾ ದಿನವೇ ಕೂಡಿಸಿಕೊಳ್ಳಬೇಕಿತ್ತು. ಮರುದಿನಕ್ಕೆಂದು ಇಟ್ಟುಕೊಂಡವರ ಮನ್ನ ಹುಳುಬಿದ್ದು ನಾರಿತು. ಆದರೆ ಆರನೆಯ ದಿನ ಎರಡು ದಿನದ್ದನ್ನು ಕೂಡಿಸಲು ದೇವರೇ ಹೇಳಿದ್ದರು, ಅದು ಕೆಡಲಿಲ್ಲ. ಅಡಿಕೆಯನ್ನು ಬೇಯಿಸಿ ಒಣಗಿಸಿ ದರಕ್ಕಾಗಿ ಕಾದಿರಿಸುವ ನಮ್ಮಂಥವರಿಗೆ ಈ ವ್ಯತ್ಯಾಸ ಬಹಳ ಮುಖ್ಯವೆಂದು ನಾನು ನಂಬುತ್ತೇನೆ. ಕೂಡಿಡುವುದು ತಪ್ಪಲ್ಲ, ಐಗುಪ್ತದಲ್ಲಿ ಯೋಸೇಫನು ಏಳು ವರ್ಷ ಧಾನ್ಯ ಕೂಡಿಟ್ಟವನೇ. ಇಂದು ಮಾಡಬೇಕೆಂದು ನನಗೆ ಒಪ್ಪಿಸಿದ ಕೆಲಸ ಯಾವುದು, ನನಗೆ ಒಪ್ಪಿಸದೆ ಇರುವುದು ಯಾವುದು ಎಂಬುದನ್ನು ನಾನು ಬೇರ್ಪಡಿಸಿರಲಿಲ್ಲ, ಅಷ್ಟೆ.

ಬೇರ್ಪಡಿಸಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಬಳಸಿದೆ. ಬೆಳಗಿನ ಪ್ರಾರ್ಥನೆಯ ನಂತರ ಆ ದಿನದ ಚೌಕದೊಳಗೆ ಹಿಡಿಸುವಷ್ಟು ಮಾತ್ರ ಬರೆಯುತ್ತಿದ್ದೆ: ಕೆಳಗಿನ ತೋಟದ ರೋಗದ ಸೋಗೆ ಇಳಿಸಿ ಸುಡುವುದು, ಸೊಸೈಟಿಗೆ ಹೋಗಿ ಕಂತಿನ ಬಗ್ಗೆ ಕೇಳುವುದು, ಮೈಲುತುತ್ತ (ತಾಮ್ರದ ಸಲ್ಫೇಟ್) ತರುವುದು. ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಇದು ನನ್ನ ಕೈಯಲ್ಲಿರುವ ಕೆಲಸ, ಇದರಲ್ಲಿ ಅಜಾಗ್ರತೆ ಮಾಡಿ ದೇವರ ಮೇಲೆ ಭಾರ ಹಾಕಿದೆ ಎನ್ನಲಾಗದು. ಮುಂದಿನ ವರ್ಷದ ಅಡಿಕೆ ದರವಾಗಲಿ, ಹತ್ತು ವರ್ಷದ ನಂತರದ ತೋಟವಾಗಲಿ ಯಾವ ಚೌಕದಲ್ಲೂ ಹಿಡಿಸುತ್ತಿರಲಿಲ್ಲ. ಅವುಗಳನ್ನು ಸಂಜೆಯ ಜಪಸರಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಜಪಸರವನ್ನು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೇಳುತ್ತಿದ್ದೆವು, ಆದರೆ ಅವಸರದಿಂದ. ಈಗ ಪ್ರತಿ ರಹಸ್ಯದ ಮೊದಲು ಒಬ್ಬೊಬ್ಬರು ಒಂದೊಂದು ಚಿಂತೆಯನ್ನು ಬಾಯಿಬಿಟ್ಟು ಹೇಳಬೇಕೆಂದು ಮಾಡಿಕೊಂಡೆವು. ಮಾತು ಕಡಿಮೆ ಆಡುವ ನನ್ನ ಯಜಮಾನರು ನಾಲ್ಕನೆಯ ದಿನವೋ ಐದನೆಯ ದಿನವೋ, ತಮ್ಮ ತಂದೆ ಒಪ್ಪಿಸಿಹೋದ ತೋಟ ತಮ್ಮ ಕಾಲದಲ್ಲಿ ಹಾಳಾಗುವುದೇ ಎಂದು ರಾತ್ರಿಯಿಡೀ ನಿದ್ದೆಯಿಲ್ಲ ಎಂದರು. ಮಗಳು, ತನಗಾಗಿ ಸಾಲ ಬೆಳೆಯುವುದಾದರೆ ಓದನ್ನೇ ಬಿಡಲೇ ಎಂದು ದೇವರನ್ನು ಕೇಳಿದಳು. ಒಂದೇ ಸೂರಿನಡಿ ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದುದು ಹೀಗೆ ದೇವರೆದುರು ಹೊರಬಂತು. ಅಂದು ‘ನಮೋ ಮರಿಯಾ’ ಜಪ ಹೇಳಲು ನನಗೆ ಧ್ವನಿಯೇ ಬರಲಿಲ್ಲ.

ಇದರಿಂದ ನಿದ್ದೆ ಕೂಡಲೇ ಮರಳಿತೆಂದರೆ ಸುಳ್ಳಾಗುತ್ತದೆ. ಎದೆಬಡಿತ ಹೆಚ್ಚಾಗಿ ಕೈ ನಡುಗತೊಡಗಿದಾಗ ಶಿವಮೊಗ್ಗಕ್ಕೆ ಹೋಗಿ ವೈದ್ಯರನ್ನು ಕಂಡು, ಆರು ತಿಂಗಳು ಮಾತ್ರೆ ತೆಗೆದುಕೊಂಡೆ. ಪ್ರಾರ್ಥಿಸುವವರಿಗೆ ಮಾತ್ರೆ ಏಕೆ ಎಂದು ಬಂಧುಗಳೊಬ್ಬರು ಕೇಳಿದ್ದರು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂದು ನಮ್ಮ ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. ಇಂಥ ಸ್ಥಿತಿಯಲ್ಲಿರುವವರು ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೆರೆಹೊರೆಯ ನೆರವನ್ನೂ ಹೇಳಲೇಬೇಕು. ಕೂಲಿಯವರು ಸಿಗದೆ ಸೋಗೆ ಇಳಿಸುವ ಕೆಲಸ ನಿಂತಿದ್ದಾಗ, ಪಕ್ಕದ ಗೌಡರು ಬೇಲಿಯಾಚೆಯಿಂದ, “ಬಾಯಮ್ಮಾ, ನಾಳೆ ನಿಮ್ಮ ತೋಟ, ನಾಡಿದ್ದು ನಮ್ಮದು, ಮುಯ್ಯಾಳಿಗೆ ಬರ್ತೀವಿ” ಎಂದರು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಪೌಲನು ಗಲಾತ್ಯದವರಿಗೆ ಬರೆದದ್ದನ್ನು ಆ ಎರಡು ದಿನ ನಾನು ದೋಟಿ ಹಿಡಿದವರ ಕೈಗಳಲ್ಲಿ ಕಂಡೆ.

ಮಗಳು ಈಗ ಮೂರನೆಯ ವರ್ಷದ ನರ್ಸಿಂಗ್ ಓದುತ್ತಿದ್ದಾಳೆ. ಸಾಲ ಪೂರ್ತಿ ತೀರಿಲ್ಲ, ರೋಗವೂ ಪೂರ್ತಿ ಹೋಗಿಲ್ಲ. ಮೂರು ಗಂಟೆಗೆ ಎಚ್ಚರವಾಗುವುದು ಇಂದಿಗೂ ಉಂಟು. ಆಗ ಲೆಕ್ಕಕ್ಕೆ ಇಳಿಯದೆ 4ನೇ ಕೀರ್ತನೆಯ ಕೊನೆಯ ಸಾಲನ್ನು, ನೆಮ್ಮದಿಯಿಂದ ಮಲಗಿ ನಿದ್ರಿಸುತ್ತೇನೆ ಎಂಬುದನ್ನು, ಉಸಿರಿನೊಡನೆ ಹೇಳಿಕೊಳ್ಳುತ್ತೇನೆ. ಯಜಮಾನರು ಎಚ್ಚರವಿದ್ದರೆ ಇಬ್ಬರೂ ಹೇಳುತ್ತೇವೆ. ಈ ಮಳೆಗಾಲದ ಆರಂಭದಲ್ಲಿ ಸತ್ತ ಮರಗಳ ಜಾಗದಲ್ಲಿ ಅರವತ್ತು ಸಸಿಗಳನ್ನು ನೆಟ್ಟೆವು. ಅವು ಫಸಲಿಗೆ ಬರಲು ಐದಾರು ವರ್ಷವಾದರೂ ಬೇಕು. ನೆಟ್ಟ ದಿನದ ಸಂಜೆ ಯಜಮಾನರು ಮೊದಲ ರಹಸ್ಯಕ್ಕೆ ಮುಂಚೆ, ಈ ರಾತ್ರಿಯ ಮಳೆಗೆ ಸಸಿಗಳ ಬುಡದ ಮಣ್ಣು ಕೊಚ್ಚಿಹೋಗದಿರಲಿ ಎಂದು ಬೇಡಿಕೊಂಡು ಜಪಸರವನ್ನು ನನ್ನ ಕೈಗೆ ಕೊಟ್ಟರು.