ಹುಬ್ಬು ಗಂಟಿಕ್ಕಿದರೆ ಸಿಟ್ಟು ಅಂದುಕೊಂಡಿದ್ದೆ

ನಾನು ಆಪ್ತ ಸಮಾಲೋಚಕಿ. ಮುಖ ನೋಡಿದರೆ ಸಾಕು, ಮನಸ್ಸು ತಿಳಿಯುತ್ತದೆ ಅನ್ನುವ ಜಂಬ ಮೊದಲು ನನಗೂ ಇತ್ತು.

ಒಂದು ದಿನ ಎದುರು ಕೂತವರು ನನ್ನ ಮಾತು ಕೇಳಿ ಹುಬ್ಬು ಗಂಟಿಕ್ಕಿದರು, ತುಟಿ ಬಿಗಿದರು. ಸಿಟ್ಟು ಬಂತೆಂದು ಗಾಬರಿಯಾಗಿ ಸಮಾಧಾನ ಹೇಳತೊಡಗಿದೆ. ಅವರು ಕೈ ಅಡ್ಡ ಹಿಡಿದರು. "ಒಂದ್ನಿಮಿಷ ಇರಿ ಮೇಡಂ. ನೀವು ಹೇಳಿದ್ದನ್ನೇ ಯೋಚಿಸ್ತಿದ್ದೆ, ತಪ್ಪಿಸಿಬಿಟ್ರಿ." ಸಿಟ್ಟಿಗೂ ಅದೇ ಹುಬ್ಬು, ಯೋಚನೆಗೂ ಅದೇ, ಕಣ್ಣಿಗೆ ಬಿಸಿಲು ಹೊಡೆದರೂ ಅದೇ!

ಆಮೇಲೆ ಒಂದು ಅಭ್ಯಾಸ ಶುರುಮಾಡಿದೆ. ಸಹೋದ್ಯೋಗಿಯೊಬ್ಬರ ಒಪ್ಪಿಗೆ ಪಡೆದು ನಮ್ಮ ಮಾತುಕತೆಯನ್ನು ವಿಡಿಯೊ ಮಾಡಿ, ಸೌಂಡ್ ತೆಗೆದು ನೋಡುತ್ತಿದ್ದೆ. ಯಾವ ಭಾವ ಎಂದು ಬರೆಯುವಂತಿಲ್ಲ, ಮುಖದಲ್ಲಿ ಏನು ಅಲುಗಿತು ಅಷ್ಟೇ. ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಇದಕ್ಕೊಂದು ಪದ್ಧತಿ ತಂದಿದ್ದರು. ಒಂದೊಂದು ಚಲನೆಗೆ ಒಂದೊಂದು ನಂಬರ್. ಹುಬ್ಬು ಕೆಳಗಿಳಿದರೆ 4, ತುಟಿಯ ಮೂಲೆ ಮೇಲೇರಿದರೆ 12, ಕೆನ್ನೆ ಮೇಲೇರಿ ಕಣ್ಣಂಚು ಸುಕ್ಕಾದರೆ 6.

12ರ ಜೊತೆ 6 ಬಂದರೆ ಅದು ಮನಸಾರೆ ನಕ್ಕ ನಗು ಅಂತ ಓದಿದ್ದೆ. ಫ್ರೆಂಚ್ ವೈದ್ಯ ಡ್ಯುಶೆನ್ 1862ರಲ್ಲೇ ಕಣ್ಣಿನ ಸುತ್ತಲ ಸ್ನಾಯುವಿನ ಬಗ್ಗೆ ಹೀಗೆ ಬರೆದಿದ್ದ. ಆದರೆ ನನ್ನ ಸಹೋದ್ಯೋಗಿ ಸುಮ್ನೆ ಜೋರಾಗಿ ನಕ್ಕು ತೋರಿಸಿದಾಗಲೂ ಕಣ್ಣಂಚು ಸುಕ್ಕಾಗಿತ್ತು. ಬಾಯಿ ಅಗಲಿಸಿದರೆ ಕೆನ್ನೆ ಏರಲೇಬೇಕು, ಅಲ್ವಾ?

ಸೌಂಡ್ ಹಾಕಿ ನೋಡಿದಾಗ ಇನ್ನಷ್ಟು ಪೆಟ್ಟು. ಬೆರಗು ಅಂದುಕೊಂಡಿದ್ದು ಹೆದರಿಕೆ, ಬೇಸರ ಅಂದುಕೊಂಡಿದ್ದು ಬರೀ ನಿದ್ದೆ. ಟೆನಿಸ್ ಆಟಗಾರರ ಮೇಲಿನ 2012ರ ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಮುಖ ಮಾತ್ರ ತೋರಿಸಿದರೆ ಪಾಯಿಂಟ್ ಗೆದ್ದವರು ಯಾರು, ಸೋತವರು ಯಾರು ಎಂದು ಜನರಿಗೆ ತಿಳಿಯಲಿಲ್ಲ. ಮುಖವಿಲ್ಲದೆ ಮೈ ಮಾತ್ರ ತೋರಿಸಿದಾಗ ತಿಳಿಯಿತು!

ಈಗ ಮೊದಲ ಹತ್ತು ನಿಮಿಷ ಅದೂ ಇದೂ ಮಾತಾಡುತ್ತೇನೆ. ಅವರ ಮಾಮೂಲಿ ಮುಖ ಹೇಗಿರುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ಕೆಲವರ ತುಟಿ ಯಾವಾಗಲೂ ಕೆಳಗೇ ಇಳಿದಿರುತ್ತದೆ, ಅದು ದುಃಖವಲ್ಲ. ಆಮೇಲೆ ಯಾವ ಮಾತಿಗೆ ಮುಖ ಬದಲಾಯಿತು, ಆಗ ಭುಜ, ಕೈ ಏನು ಮಾಡಿದವು ಅಂತ ಗಮನಿಸುತ್ತೇನೆ. ಸುಳ್ಳು ಹಿಡಿಯಲು ಬರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ, ಬರುವುದಿಲ್ಲ.

ಮೊನ್ನೆ ಒಬ್ಬರು ಮನೆಯ ವಿಷಯ ಬಂದ ಕೂಡಲೇ ಹುಬ್ಬು ಗಂಟಿಕ್ಕಿದರು. ಈ ಸಲ ಊಹಿಸಲಿಲ್ಲ, ಸ್ವಲ್ಪ ತಡೆದು ಕೇಳಿದೆ: "ಈಗ ಏನೋ ಆಯ್ತಲ್ಲ, ಏನು?"

"ಬೆಳಗ್ಗೆಯಿಂದ ತಲೆನೋವು ಮೇಡಂ. ಆ ಲೈಟ್ ಆರಿಸ್ತೀರಾ?"