ಸಿಎ-125ಕ್ಕೆ ತಾರೀಖು ಮುಖ್ಯ, ಎಚ್‌ಆರ್‌ಡಿಗೆ ಬ್ಲಾಕ್ ಮುಖ್ಯ

ಅಂಡಾಶಯದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಪ್ರೋಟೀನಾದ ಸಿಎ-125ರ ಒಂದೇ ಒಂದು ರಿಪೋರ್ಟ್ ನೋಡಿ ನಾನು ಏನನ್ನೂ ಹೇಳುವುದಿಲ್ಲ. ನನಗೆ ಇಡೀ ಸಾಲು ಬೇಕು. ಮೊದಲ ಕೀಮೋಗೆ ಮುಂಚಿನ ಎರಡು ವಾರದೊಳಗೆ ತೆಗೆದ ರಕ್ತದ್ದೊಂದು, ಆಮೇಲೆ ಸೈಕಲ್‌ಗೊಂದು, ಎಲ್ಲವೂ ಒಂದೇ ಯಂತ್ರದಲ್ಲಿ. ಕಿಟ್ ಬದಲಾದರೆ ಅದೇ ಟ್ಯೂಬಿನ ರಕ್ತವೂ ಬೇರೆ ಸಂಖ್ಯೆ ಕೊಡುತ್ತದೆ. ಲ್ಯಾಬ್ ಬದಲಿಸಲೇಬೇಕಾಗಿ ಬಂದರೆ ಒಂದು ಸ್ಯಾಂಪಲನ್ನು ಎರಡೂ ಕಡೆ ಮಾಡಿಸಿ, ಹೊಸ ಸಂಖ್ಯೆಯಿಂದ ಲೆಕ್ಕ ಶುರುಮಾಡುತ್ತೇನೆ.

ಇವನ್ನು ಸೆಮಿ-ಲಾಗ್ ಗ್ರಾಫಿನಲ್ಲೇ ಗುರುತು ಹಾಕುತ್ತೇನೆ. ಅದರಲ್ಲಿ 1200ರಿಂದ 600ಕ್ಕೆ ಇಳಿದದ್ದೂ 80ರಿಂದ 40ಕ್ಕೆ ಇಳಿದದ್ದೂ ಒಂದೇ ಅಳತೆಯ ಇಳಿಜಾರಾಗಿ ಕಾಣುತ್ತದೆ. ಮಾಮೂಲಿ ಗ್ರಾಫಿನಲ್ಲಿ ಎರಡನೆಯದು ಕಣ್ಣಿಗೇ ಬೀಳುವುದಿಲ್ಲ. ಪ್ರತಿಸ್ಪಂದನೆ ಎನ್ನಲು ಮೊದಲ ಸಂಖ್ಯೆ ಕನಿಷ್ಠ 70 ಇರಬೇಕು, ಅಂದರೆ ಸಾಮಾನ್ಯ ಮಿತಿಯಾದ 35ರ ಎರಡರಷ್ಟು. ಅದು ಅರ್ಧಕ್ಕೆ ಇಳಿದು 28 ದಿನ ಹಾಗೇ ನಿಲ್ಲಬೇಕು. ಮೊದಲ 100 ದಿನದಲ್ಲಿ ಮೂರು ಸಂಖ್ಯೆಗಳಾದರೂ ಇದ್ದರೆ ಸಿಎ-125 ಇಳಿಯುವ ವೇಗವನ್ನು ಅಳೆಯುವ ಕೆಲಿಮ್ ಸ್ಕೋರ್ ತೆಗೆಯಬಹುದು. ಅದು 1 ಅಥವಾ ಹೆಚ್ಚಿದ್ದರೆ ಗಡ್ಡೆ ಕೀಮೋಗೆ ಚೆನ್ನಾಗಿ ಬಗ್ಗುತ್ತಿದೆ ಎಂದು ಅರ್ಥ. ಕೀಮೋ ಮೊದಲು, ಆಪರೇಷನ್ ಆಮೇಲೆ ಎಂಬ ಕ್ರಮವಿದ್ದಾಗ ಆಪರೇಷನ್ ನಂತರದ ಸಂಖ್ಯೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಎಡವುವುದು ಹೆಚ್ಚಾಗಿ ಇಲ್ಲೇ. ಹೊಟ್ಟೆಯೊಳಗಿನ ಪೊರೆ ಕೆರಳಿದರೆ ಸಾಕು, ಕ್ಯಾನ್ಸರ್ ಇಲ್ಲದೆಯೂ ಸಿಎ-125 ಏರುತ್ತದೆ. ಆದ್ದರಿಂದ ಹೊಟ್ಟೆಯ ಅಥವಾ ಎದೆಯ ಪೊರೆಗೆ ಕೈಹಾಕಿ 28 ದಿನ ಆಗಿರದಿದ್ದರೆ ಆ ಸಂಖ್ಯೆಗೆ ಸುತ್ತು ಹಾಕಿ ಪಕ್ಕಕ್ಕಿಡುತ್ತೇನೆ. ಲಿವರ್ ಸಿರೋಸಿಸ್, ಹೃದಯ ವೈಫಲ್ಯ, ಎಂಡೊಮೆಟ್ರಿಯೋಸಿಸ್ ಕೂಡ ಹೀಗೇ ದಾರಿ ತಪ್ಪಿಸುತ್ತವೆ. ಕೂದಲಿಗೆಂದು ಹೆಚ್ಚಿನ ಡೋಸ್ ಬಯೋಟಿನ್ ನುಂಗುತ್ತಿದ್ದರೆ ಕೆಲವು ಯಂತ್ರಗಳು ಸಂಖ್ಯೆಯನ್ನು ಸುಳ್ಳಾಗಿ ಕಡಿಮೆ ತೋರಿಸುತ್ತವೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ರಕ್ತದಲ್ಲೇ ನೋಡುವ ಇನ್ನೊಂದು ಪ್ರೋಟೀನ್ ಎಚ್‌ಇ4ಗೆ ಎಂಡೊಮೆಟ್ರಿಯೋಸಿಸ್ ಕಾಟ ಕಡಿಮೆ, ಆದರೆ ಕಿಡ್ನಿ ಸೋತಿದ್ದರೆ ಅದೂ ಏರುತ್ತದೆ. ಇನ್ನೊಂದು ಮಾತು: ಚಿಕಿತ್ಸೆ ಮುಗಿದ ಮೇಲೆ ತೊಂದರೆಯೇ ಇಲ್ಲದವರಲ್ಲಿ ಬರೀ ಸಿಎ-125 ಏರಿತೆಂದು ಕೀಮೋ ಬೇಗ ಶುರುಮಾಡಿದರೆ ಆಯಸ್ಸು ಹೆಚ್ಚಲಿಲ್ಲ ಎಂದು 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ಆ ಏರಿಕೆ ಕಂಡಾಗ ನಾನು ಮೊದಲು ನೋಡುವುದು ರೋಗಿಯನ್ನು, ಆಮೇಲೆ ಸ್ಕ್ಯಾನನ್ನು.

ಗಡ್ಡೆಯ ಡಿಎನ್‌ಎ ರಿಪೇರಿಗೆ ಅಡ್ಡಬರುವ ಔಷಧಿಯಾದ ಪಾರ್ಪ್ ಇನ್ಹಿಬಿಟರ್ ಯಾರಿಗೆ ನಾಟುತ್ತದೆ ಎಂಬುದನ್ನು ಅಂಗಾಂಶ ಹೇಳಬೇಕು, ಅದಕ್ಕೆ ಒಳ್ಳೆಯ ಬ್ಲಾಕ್ ಬೇಕು, ಅಂದರೆ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಅಂಗಾಂಶ. 10% ಬಫರ್ಡ್ ಫಾರ್ಮಲಿನ್, 6ರಿಂದ 72 ಗಂಟೆ. ಬಫರ್ ಇಲ್ಲದ ಫಾರ್ಮಲಿನ್ ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಕೀಮೋಗೆ ಮುಂಚಿನ ಬಯಾಪ್ಸಿ ಇದ್ದರೆ ಅದನ್ನೇ ಕಳಿಸುತ್ತೇನೆ. ಕೀಮೋ ಆದ ಮೇಲಿನ ಒಮೆಂಟಂ (ಹೊಟ್ಟೆಯೊಳಗಿನ ಕೊಬ್ಬಿನ ಹೊದಿಕೆ) ಕೈಗೆ ಗಟ್ಟಿಯಾಗಿ ಸಿಕ್ಕರೂ ಸೂಕ್ಷ್ಮದರ್ಶಕದಡಿ ಬರೀ ನಾರು, ನೊರೆಯಂಥ ಮ್ಯಾಕ್ರೋಫೇಜ್‌ಗಳು, ಸ್ಯಾಮೋಮಾ ಬಾಡಿಗಳ ಸುಣ್ಣದ ಉಂಡೆಗಳು. ಗಡ್ಡೆಯ ಜೀವಕೋಶ ಅಲ್ಲೊಂದು ಇಲ್ಲೊಂದು. ಎಚ್ ಅಂಡ್ ಇ ಬಣ್ಣ ಹಾಕಿದ ಸ್ಲೈಡಿನಲ್ಲಿ ಗಡ್ಡೆ ದಟ್ಟವಾಗಿರುವ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಬಣ್ಣ ಹಾಕದ ಸ್ಲೈಡನ್ನು ಅದರ ಮೇಲಿಟ್ಟು, ಸುತ್ತಿನೊಳಗಿನದನ್ನಷ್ಟೇ ಕೆರೆಯುತ್ತೇನೆ. ಪ್ರತಿ ಕೇಸಿಗೂ ಹೊಸ ಬ್ಲೇಡು. ಗಡ್ಡೆಯ ಪಾಲು 20–30 ಶೇಕಡಾಕ್ಕಿಂತ ಕೆಳಗಿದ್ದರೆ ಎಚ್‌ಆರ್‌ಡಿ (ಗಡ್ಡೆಯ ಡಿಎನ್‌ಎ ರಿಪೇರಿಯ ಕೊರತೆ) ರಿಪೋರ್ಟ್ ಬಾರದೇ ಹೋಗಬಹುದು. ಇನ್ನೂ ಕೆಟ್ಟದ್ದೆಂದರೆ ಇರುವುದು ಇಲ್ಲವೆಂದು ಬರಬಹುದು.

ಡಿಎನ್‌ಎ ರಿಪೇರಿಯ ಜೀನ್‌ಗಳಾದ ಬಿಆರ್‌ಸಿಎ ಪರೀಕ್ಷೆಗೆ ಗಡ್ಡೆಯ ಜೊತೆ ರಕ್ತವನ್ನೂ ಕಳಿಸುತ್ತೇನೆ. ಜೀನಿನ ದೊಡ್ಡ ತುಂಡೇ ಬಿದ್ದುಹೋಗಿರುವುದು ಗಡ್ಡೆಯ ಪರೀಕ್ಷೆಯಲ್ಲಿ ಜಾರಿಕೊಳ್ಳುವುದುಂಟು. ಅರ್ಥ ಖಚಿತವಿಲ್ಲದ ರೂಪಾಂತರವನ್ನು ಪಾಸಿಟಿವ್ ಎಂದು ಓದಿ ಔಷಧಿ ಬರೆಯುವುದು ತಪ್ಪು. ಎಚ್‌ಆರ್‌ಡಿ ಸ್ಕೋರ್ ಹಳೆಯ ಗಾಯದ ಕಲೆ: ರಿಪೇರಿ ಶಕ್ತಿ ಮರಳಿ ಬಂದರೂ ಕಲೆ ಅಳಿಯುವುದಿಲ್ಲ. ಪಾರ್ಪ್ ಮೇಲಿದ್ದಾಗಲೇ ಕಾಯಿಲೆ ಏರಿದರೆ ಮೊದಲ ಬ್ಲಾಕಿಗೆ ಮರಳುವುದಿಲ್ಲ. ಹೊಸ ಬಯಾಪ್ಸಿಯಲ್ಲೋ ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲೋ ಕೆಟ್ಟ ಜೀನನ್ನು ಮತ್ತೆ ಕೆಲಸಕ್ಕೆ ತರುವ ರಿವರ್ಷನ್ ಮ್ಯುಟೇಷನ್ ಇದೆಯೇ ಎಂದು ಹುಡುಕಿಸುತ್ತೇನೆ.