ನೀಲಿ ದ್ರಾಕ್ಷಿಯ ಸೋಡಾ: ಗಡಿಯಾರ ಬೇಡ, ಬಾಟಲಿ ಒತ್ತಿ ನೋಡಿ

ಚಿಕ್ಕಬಳ್ಳಾಪುರದ ಸುತ್ತ ಕೊಯ್ಲು ಶುರುವಾದರೆ ರಸ್ತೆ ಬದಿಯಲ್ಲೇ ನೀಲಿ ದ್ರಾಕ್ಷಿ ರಾಶಿ ಬೀಳುತ್ತದೆ. 2013ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದ ‘ಬೆಂಗಳೂರು ಬ್ಲೂ’ ಇದೇ. ಸಿಪ್ಪೆ ದಪ್ಪ, ಬೀಜ ಜಾಸ್ತಿ. ಆದರೆ ಆ ಘಮ ಬೇರೆ ದ್ರಾಕ್ಷಿಗಿಲ್ಲ. ಹುದುಗಿಸಿದ ಸೋಡಾಕ್ಕೆ ಹೇಳಿ ಮಾಡಿಸಿದ ಹಣ್ಣು.

ವೈನೇ ಮಾಡಬಹುದಲ್ವಾ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಇಲ್ಲಿ ಮಾಡುವುದು ಗುಳ್ಳೆ ಬರುವಷ್ಟು ಮಾತ್ರ ಹುದುಗಿಸಿ, ಅಲ್ಲಿಗೇ ಫ್ರಿಜ್ಜಿಗೆ ಸೇರಿಸುವ ಸೋಡಾ. ಆದರೂ ಒಂದಿಷ್ಟು ಆಲ್ಕೋಹಾಲ್ ಅಂಶ ಇದ್ದೇ ಇರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ.

ಮೊದಲು ಶುಂಠಿ ಹುದುಗು, ಅಂದರೆ ರಸಕ್ಕೆ ಗುಳ್ಳೆ ಬರಿಸುವ ಹೆಪ್ಪು. ಗಾಜಿನ ಜಾಡಿಗೆ ಎರಡು ಲೋಟ ನೀರು, ಸಣ್ಣಗೆ ಹೆಚ್ಚಿದ ಎರಡು ಚಮಚ ಹಸಿಶುಂಠಿ, ಎರಡು ಚಮಚ ಸಕ್ಕರೆ ಹಾಕಿ. ಶುಂಠಿ ತೊಳೆಯಿರಿ, ಸಿಪ್ಪೆ ಹೆರೆಯಬೇಡಿ. ನಮಗೆ ಬೇಕಾದ ಯೀಸ್ಟ್, ಸಕ್ಕರೆ ತಿಂದು ಗುಳ್ಳೆ ಬಿಡುವ ಸೂಕ್ಷ್ಮಜೀವಿ, ಇರುವುದು ಅದರಲ್ಲೇ. ನಲ್ಲಿ ನೀರಾದರೆ ಕುದಿಸಿ ಆರಿಸಿ, ಕ್ಲೋರಿನ್ ಯೀಸ್ಟಿಗೆ ಆಗಿಬರಲ್ಲ. ಬಾಯಿಗೆ ಬಟ್ಟೆ ಕಟ್ಟಿಡಿ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕಲಕಿ. ಬೇಸಿಗೆಯಲ್ಲಿ ಮೂರ್ನಾಲ್ಕು ದಿನ, ಚಳಿಗೆ ಒಂದು ವಾರ. ಚೂರುಗಳು ಮೇಲೆ ತೇಲಿ, ಚಮಚ ಆಡಿಸಿದಾಗ ಬುಸ್ಸೆಂದು ನೊರೆ ಎದ್ದರೆ ರೆಡಿ. ಬೂಷ್ಟು ಕಟ್ಟಿದರೆ ಎಸೆದುಬಿಡಿ. ಮೇಲಿನದು ತೆಗೆದರಾಯ್ತು ಅನ್ನಬೇಡಿ.

ಈಗ ರಸ. ಒಂದು ಕೆಜಿ ದ್ರಾಕ್ಷಿ ಚೆನ್ನಾಗಿ ತೊಳೆಯಿರಿ. ಮೇಲಿನ ಬೂದಿಯಂಥದ್ದು ಹಣ್ಣಿನದೇ ಮೇಣ. ಆದರೆ ಜೊತೆಗೆ ತೋಟದ ಔಷಧಿಯೂ ಇರಬಹುದು. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು. ಕೈಯಲ್ಲೇ ಕಿವುಚಿ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಸಿಪ್ಪೆಯ ಬಣ್ಣವೆಲ್ಲ ಬಿಟ್ಟುಕೊಳ್ಳುತ್ತದೆ. ಸೋಸಿ, ಕುದಿಸಿ ಆರಿಸಿದ ನೀರು ಬೆರೆಸಿ ಎರಡು ಲೀಟರ್ ಮಾಡಿ. ಸಿಹಿ ತುಸು ಹೆಚ್ಚೇ ಇರಲಿ, ಯೀಸ್ಟ್ ಸ್ವಲ್ಪ ತಿನ್ನುತ್ತದೆ. ಪೂರ್ತಿ ತಣ್ಣಗಾದ ಮೇಲೆ ಅರ್ಧ ಲೋಟ ಹುದುಗಿನ ನೀರು ಸೋಸಿ ಸೇರಿಸಿ. ಬಿಸಿ ಇದ್ದರೆ ಯೀಸ್ಟ್ ಸತ್ತೇಹೋಗುತ್ತದೆ.

ತುಂಬಿಸುವುದಕ್ಕೆ ಹಳೇ ಪ್ಲಾಸ್ಟಿಕ್ ಸೋಡಾ ಬಾಟಲಿಯೇ ಸರಿ. ಗಾಜಿನದು ನೋಡೋಕೆ ಚೆಂದ, ಆದರೆ ಒತ್ತಡ ಹೆಚ್ಚಾದರೆ ಸಿಡಿಯುತ್ತದೆ. ಮೂರು ಬೆರಳಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿಯಾಗಿ ಹಾಕಿ. ಬೆಳಿಗ್ಗೆ, ಸಂಜೆ ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೊದಲು ಮೆತ್ತಗೆ ಒಳಗೆ ಹೋಗುತ್ತದೆ. ಒತ್ತಿದರೂ ಬಗ್ಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ ಇಡಿ. ಏಪ್ರಿಲ್ ಬಿಸಿಲಿಗೆ ಒಂದೇ ದಿನ ಸಾಕು; ಡಿಸೆಂಬರಿನಲ್ಲಿ ಮೂರು ದಿನವೂ ಹಿಡಿದೀತು. ಗಂಟೆ ಎಣಿಸಿ ಪ್ರಯೋಜನವಿಲ್ಲ. ಇಡೀ ರಾತ್ರಿ ತಣ್ಣಗಾದ ಮೇಲೆ ಸಿಂಕಿನ ಮೇಲೆ ಹಿಡಿದು ಮುಚ್ಚಳ ನಿಧಾನಕ್ಕೆ ತಿರುವಿ. ನಾಲ್ಕೈದು ದಿನದೊಳಗೆ ಕುಡಿದು ಮುಗಿಸಿ.

ಕೈ ಕುದುರಿದ ಮೇಲೆ ಬೇರೆ ಹಣ್ಣಿಗೆ ಹೋಗಬಹುದು. ಶ್ರೀನಿವಾಸಪುರದ ಮಾವಾದರೆ ತಿರುಳನ್ನು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲವಾದರೆ ಮುಚ್ಚಳ ತೆಗೆದಾಗ ಅರ್ಧ ಬಾಟಲಿ ಗೋಡೆಗೆ. ತುಮಕೂರಿನ ಹುಣಸೆಹಣ್ಣಿಗೆ ಬೆಲ್ಲ ಹಾಕಿ ಮಾಡಿದ್ದು ದ್ರಾಕ್ಷಿಯನ್ನೂ ಮೀರಿಸುತ್ತದೆ ಅಂತ ನನ್ನ ಅನಿಸಿಕೆ. ಹಲಸು ಮಾತ್ರ ನನಗೆ ಹಿಡಿಸಲಿಲ್ಲ, ವಾಸನೆ ಎರಡು ಮನೆ ದಾಟುತ್ತದೆ. ಉಪ್ಪು, ಜೀರಿಗೆ ಪುಡಿ ಬೇಕಿದ್ದರೆ ಕುಡಿಯುವಾಗ ಲೋಟಕ್ಕೆ ಹಾಕಿಕೊಳ್ಳಿ. ಉಳಿದ ಹುದುಗು ಫ್ರಿಜ್ಜಿನಲ್ಲಿರಲಿ, ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ ಹಾಕಿದರೆ ಸಾಕು.